ಗೊಥಿಲ್ಲಾ ಎಂಬ ಊರು

ಪ್ರೊಫೆಸರ ಬಲಗೈ ತೋರುಬೆರಳಿನ ತುದಿ ಗಾಜಿನಂತೆ ನುಣ್ಣಗಿತ್ತು. ಭೂಪಟಗಳ ಮೇಲೆ ಒಂದೇ ಊರನ್ನು ಹುಡುಕಿ ಹುಡುಕಿ ಸವೆದದ್ದೆಂದು ಅವರ ವಾದ. ಸಿಗರೇಟಿಗೆ ಸುಟ್ಟದ್ದೆಂದು ನನ್ನ ಹೆಂಡತಿಯ ವಾದ.

ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಎದುರು ಬಾಗಿಲು. ಟ್ರಿನಿಡಾಡಿನ ಇತಿಹಾಸಕಾರರು. ಯಾವ ಕಾಲೇಜೂ ಕಾಯಂ ಮಾಡದೆ, ಮೂರು ಊರುಗಳ ಮೂರು ಕಾಲೇಜುಗಳಲ್ಲಿ ಪಾಠ ಹೇಳುತ್ತ ಅರ್ಧ ಆಯುಷ್ಯವನ್ನು ಫ್ರೀವೇಗೆ ಧಾರೆಯೆರೆದಿದ್ದರು. ಟ್ರಿನಿಡಾಡಿನ ಕಬ್ಬಿನ ತೋಟದ ಕೂಲಿಗೆಂದು ಮದ್ರಾಸಿನಲ್ಲಿ ಹಡಗು ಹತ್ತಿದವರ ಬಗ್ಗೆ ಇಪ್ಪತ್ತು ವರ್ಷದಿಂದ ಪುಸ್ತಕ ಬರೆಯುತ್ತಿದ್ದರು. ಬಾಕಿ ಉಳಿದದ್ದು ಕೊನೆಯ ಅಧ್ಯಾಯ: ಹಾಗೆ ಹಡಗು ಹತ್ತಿದ ತಮ್ಮ ಮುತ್ತಜ್ಜಿಯ ಊರು. ಶ್ವಾಸಕೋಶದ ಕ್ಯಾನ್ಸರಿಗೆ ಡಾಕ್ಟರು ಕೊಟ್ಟ ಗಡುವು ಒಂದು ಬೇಸಿಗೆ. ಅಷ್ಟರೊಳಗೆ ಆ ಊರಿನ ಮಣ್ಣು ತುಳಿಯಬೇಕು.

ನಾನಾಗ ಜಗತ್ತಿನಲ್ಲಿರುವುದನ್ನೆಲ್ಲ ಹುಡುಕಿಕೊಡುವುದಾಗಿ ಘೋಷಿಸಿದ್ದ ಡಾಟ್‌ಕಾಮ್ ಕಂಪನಿಯೊಂದರ ಇಂಜಿನಿಯರು. ಗಿರಾಕಿಗಳು ಮಾತ್ರ ಅದರ ಹುಡುಕಾಟಕ್ಕೆ ಸಿಕ್ಕಿರಲಿಲ್ಲ.

"ಎಲ್ಲಾ ಹುಡುಕ್ತೀರಲ್ಲ ಇಂಜಿನಿಯರೇ, ನನ್ನ ಒಂದೂರು ಹುಡುಕಿ ನೋಡೋಣ," ಎಂದು ಛೇಡಿಸುತ್ತ ಹಡಗಿನ ದಾಖಲೆಯ ಜೆರಾಕ್ಸನ್ನು ನಮ್ಮ ಊಟದ ಮೇಜಿನ ಮೇಲಿಟ್ಟರು. ಮುತ್ತಜ್ಜಿಯ ಹೆಸರು, ವಯಸ್ಸು, ಊರು. ತಮಿಳುನಾಡಿನ ನಕ್ಷೆಯನ್ನೆಲ್ಲ ಜಾಲಾಡಿದ್ದರಂತೆ. ಗುಮಾಸ್ತನ ಇಂಗ್ಲಿಷನ್ನು ನಾನು ಗಂಭೀರವಾಗಿ ಓದಿದೆ: "ಗೊಥಿಲ್ಲಾ."

ಕಾಫಿ ತಂದ ಹೆಂಡತಿ ಕೇಳಿದಳು: "ಏನ್ ಗೊತ್ತಿಲ್ಲಾರೀ?"

ನಾನು ಆ ಪದವನ್ನು ಇನ್ನೊಮ್ಮೆ ಓದಿಕೊಂಡೆ.

"ಏನಂದ್ರು ಅವರು?" ಎಂದರು ಪ್ರೊಫೆಸರು.

ಅವಳಿಗೂ ಹೊಳೆದಿತ್ತು. "ರೀ, ಹೇಳ್ಬೇಡಿ. ಪಾಪ, ಟಿಕೆಟ್ಟು ಬೇರೆ ಬುಕ್ ಮಾಡಿದಾರೆ."

ಕನ್ನಡದ ಮರೆಯಲ್ಲಿ ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಆ ಬೆರಳು ಪದದ ಮೇಲೆ ಕಾಯುತ್ತಿತ್ತು. ಹೇಳಿದೆ: ಅದು ಊರಲ್ಲ. ಊರು ಯಾವುದೆಂದು ಕೇಳಿದಾಗ ನಿಮ್ಮ ಮುತ್ತಜ್ಜಿ ನಮ್ಮ ಭಾಷೆಯಲ್ಲಿ 'ತಿಳಿಯದು' ಎಂದಿದ್ದಾಳೆ.

ಪ್ರೊಫೆಸರು ಪದದ ಮೇಲಿಂದ ಬೆರಳು ತೆಗೆದರು.

"ಅವಳು ನಿಜಾನೇ ಹೇಳಿದ್ಲು," ಎಂದರು. "ನಾನು ಅದನ್ನ ನಕ್ಷೇಲಿ ಹುಡುಕಿದೆ. ಇನ್ನೊಂದ್ಸಲ ಹೇಳಿ."

ಹೇಳಿದೆ. ಕಲಿತರು. ಎದುರಾದಾಗಲೆಲ್ಲ ಒಪ್ಪಿಸುತ್ತಿದ್ದರು; ತ-ಒತ್ತು ಮಾತ್ರ ಬಾಯಿಗೆ ಬರಲಿಲ್ಲ. ಕೊನೆಯ ಅಧ್ಯಾಯ ಬರೆಯಲೇ ಇಲ್ಲ.

ಬೇಸಿಗೆ ಮುಗಿಯುವ ಮೊದಲೇ ತೀರಿಹೋದರು. ಹಿಂದಿನ ದಿನ ಆಸ್ಪತ್ರೆಯಲ್ಲಿ ಹೊಸ ನರ್ಸೊಬ್ಬಳು ಫಾರಮ್ಮು ಹಿಡಿದು ಕೇಳಿದಳು: "ಸರ್, ಯಾವೂರಿನವರು ನೀವು?"

ಪ್ರೊಫೆಸರು ಆಕ್ಸಿಜನ್ ಮಾಸ್ಕು ಸರಿಸಿ ನನ್ನತ್ತ ನೋಡಿದರು. "ಗೊತ್ತಿಲ್ಲ." ಒತ್ತು ಅಚ್ಚುಕಟ್ಟಾಗಿ ಬಿದ್ದಿತ್ತು.

ನರ್ಸು ನನ್ನ ಕಡೆ ತಿರುಗಿದಳು: "ಸ್ಪೆಲಿಂಗ್ ಹೇಳ್ತೀರಾ?"

ಒಂದೊಂದೇ ಅಕ್ಷರ ಹೇಳಿದೆ. ಬರೆದುಕೊಂಡಳು.