ಒಂಬತ್ತನೆಯ ಸಹಿ

ನಮ್ಮೂರಿನ ಮಹಿಳಾ ಮಂಡಲವನ್ನು ಕಟ್ಟಿದವರು ಶಾಲೆಯ ಟೀಚರ್, ಎಲ್ಲರಿಗೂ ಟೀಚರಕ್ಕ. ನಾನು ಮದುವೆಯಾಗಿ ವಿಟ್ಲದ ಹತ್ತಿರದ ಈ ಊರಿಗೆ ಬಂದ ವಾರವೇ ಮನೆಗೆ ಬಂದು, "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?" ಎಂದು ನಗುತ್ತಾ ಸದಸ್ಯತ್ವದ ಪುಸ್ತಕ ಮುಂದೆ ಹಿಡಿದಿದ್ದರು. ಹೊಲಿಗೆ ತರಗತಿ, ಬಾಲವಾಡಿ, ಗಂಡು ವೇಷವನ್ನೂ ನಾವೇ ಹಾಕಿ ಆಡಿದ ನಾಟಕ, ಎಲ್ಲವೂ ನಡೆದದ್ದು ಪಂಚಾಯತಿ ಕೊಟ್ಟ ಒಂದೇ ಕೋಣೆಯಲ್ಲಿ. ಸಭೆಯ ನಡಾವಳಿ ಬರೆಯಲು ನನಗೆ ಕಲಿಸಿದವರೂ ಅವರೇ. ಅವರದೊಂದು ಹಠದ ನಿಯಮವಿತ್ತು: ಸಭೆ ಮೂರು ಗಂಟೆಗೆ, ಹತ್ತು ನಿಮಿಷ ಮೀರಿ ಬಂದವರು ಗೈರುಹಾಜರು. ಎರಡು ತಿಂಗಳ ಮಗುವನ್ನು ಎತ್ತಿಕೊಂಡು ಓಡಿ ಬಂದ ನನಗೂ ಹಾಗೆಯೇ ಬರೆದಿದ್ದರು. ಆ ಸಿಟ್ಟು ನನಗೆ ಪೂರ್ತಿ ಇಳಿದದ್ದೇ ಇಲ್ಲ.

ಈ ವರ್ಷ ಪಂಚಾಯತಿಯಿಂದ ಕಾಗದ ಬಂತು. ವಾರ್ಷಿಕ ಸಭೆಯಲ್ಲಿ ಒಂಬತ್ತು ಮಂದಿಯಾದರೂ ಸಹಿ ಹಾಕದಿದ್ದರೆ ಮಂಡಲ ಮುಚ್ಚಿದ ಹಾಗೆ, ಕೋಣೆ ಒಣಕಸ ಇಡಲು ಬೇಕು ಎಂದು. ಕಾರ್ಯದರ್ಶಿಯೆಂಬ ಹೆಸರು ಹೊತ್ತ ನಾನು ಮನೆಮನೆ ಹತ್ತಿಳಿದೆ. "ವಾಟ್ಸಾಪ್ ಗ್ರೂಪ್ ಉಂಟಲ್ಲ ಅಕ್ಕ, ಅಲ್ಲೇ ಮೀಟಿಂಗ್ ಮಾಡುವ" ಎಂದಳು ಒಬ್ಬಳು, ಮೊಬೈಲಿನಿಂದ ಕಣ್ಣೆತ್ತದೆ. ನನ್ನ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಸಭೆಗೆ ಬಂದವರು ನನ್ನನ್ನೂ ಸೇರಿಸಿ ಎಂಟು ಮಂದಿ. ಇನ್ನು ಒಂಬತ್ತನೆಯವರೆಂದರೆ ಹಾಸಿಗೆ ಹಿಡಿದಿದ್ದ ಟೀಚರಕ್ಕನೇ. ಅವರನ್ನು ಕರೆತರಲು ರಿಕ್ಷಾ ಕಳಿಸಿದ್ದೆ. ರಸ್ತೆ ಅಗೆದಿದ್ದರಿಂದ ಅದು ಸುತ್ತಿ ಬಳಸಿ ಬಂತು. ಇಬ್ಬರು ಎತ್ತಿ ಕುರ್ಚಿಯಲ್ಲಿ ಕೂರಿಸಿದಾಗ ಅವರು ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು. ಮೂರೂಕಾಲು ಆಗಿತ್ತು.

ನಾನು ಕೈಗಿಟ್ಟ ಪೆನ್ನನ್ನು ಅವರು ಹಿಂದಕ್ಕೆ ಕೊಟ್ಟರು.

"ನಾನು ಗೈರುಹಾಜರು. ಬರೆ."

"ಟೀಚರಕ್ಕ, ಕೋಣೆ ಹೋಗ್ತದೆ. ಇವತ್ತೊಂದು ದಿನ ಬಿಡಿ."

"ಮಗು ಎತ್ತಿಕೊಂಡು ಬಂದ ನಿನ್ನನ್ನೇ ನಾನು ಬಿಡ್ಲಿಲ್ಲ. ಈಗ ನನ್ನನ್ನು ಬಿಡುವುದು ಹೇಗೆ?"

ಅಂದರೆ ಮುದುಕಿಗೆ ಎಲ್ಲ ನೆನಪಿತ್ತು! ಇಷ್ಟು ವರ್ಷ ಆ ಒಂದು ಮಾತಿಗೆ ಕಾದಿದ್ದೆ, ಅದು ಬಂದದ್ದು ಇಂಥ ಹೊತ್ತಿನಲ್ಲಿ. ಸಿಟ್ಟು ಬಂತು, ಅಳುವೂ ಬಂತು. ಐದು ನಿಮಿಷದ ಸುಳ್ಳು ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವರ ಹೆಸರಿನ ಮುಂದೆ ಗೈರುಹಾಜರು ಎಂದೇ ಬರೆದೆ. ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ಅಕ್ಷರ ಚಂದ ಉಂಟು" ಎಂದರು.

ಮರುವಾರ ಬೀಗದ ಕೈಯನ್ನು ಪಂಚಾಯತಿಗೆ ಒಪ್ಪಿಸಿ ಬಂದೆ. ಮೂರು ಗಂಟೆಗೆ ಬರಲು ಹೇಳಿದ್ದರು. ನಾನು ಸಮಯಕ್ಕೆ ಸರಿಯಾಗಿ ಹೋಗಿದ್ದೆ.