ಹಾರುವವನ ಬೆನ್ನಿನ ದಾರ

ಇವತ್ತು ಮಗಳ ಜೊತೆ ಸೂಪರ್ ಹೀರೋ ಸಿನಿಮಾ ನೋಡುವಾಗ, ಹಾರುತ್ತಿದ್ದವನ ಬೆನ್ನ ಮೇಲೆ ನನ್ನ ಕಣ್ಣು ತಾನಾಗಿಯೇ ದಾರ ಹುಡುಕಿತು.

ನಾನು ಚಿಕ್ಕವಳಿದ್ದಾಗ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅಮಾವಾಸ್ಯೆಯಂದು ಮಗ್ಗಗಳು ನಿಲ್ಲುತ್ತಿದ್ದವು. ಆದರೂ ಅವುಗಳ ಸದ್ದು ಕಿವಿಯೊಳಗೆ ಎಲ್ಲೋ ದೂರದಲ್ಲಿ ಆಡುತ್ತಲೇ ಇರುತ್ತಿತ್ತು. ಅಂಥದ್ದೊಂದು ಮಧ್ಯಾಹ್ನ ದೊಡ್ಡಪ್ಪನ ಮನೆಯಲ್ಲಿ ಬಾಡಿಗೆಗೆ ತಂದ ಸಿನಿಮಾ ಕ್ಯಾಸೆಟ್ ಹಾಕಿದ್ದರು. ಕೆಂಪು ಹೊದಿಕೆಯವನೊಬ್ಬ ಮೋಡಗಳ ನಡುವೆ ತೇಲುತ್ತಿದ್ದ. ನಾನು ಉಸಿರಾಡುವುದನ್ನೂ ಮರೆತಿದ್ದೆ.

ಅಪ್ಪ ನೇಕಾರರು; ಯಾವ ಸೀರೆ ಕೈಗೆ ಬಂದರೂ ಎಳೆ ತಪ್ಪಿದೆಯೇ ಎಂದು ಮೊದಲು ಮಗುಚಿ ಹಿಂಬದಿ ನೋಡುವವರು. ಅವತ್ತೂ ಹೇಳಿಯೇಬಿಟ್ಟರು: "ಅವ್ನನ್ನ ನೇತಾಕಿರೋ ದಾರ ಬೆನ್ನಲ್ಲಿ ಕಾಣ್ತೈತೆ ನೋಡ್ರೋ. ಕಳಪೆ ಮಾಲು."

ನಾನು ಗೊಳೋ ಎಂದು ಅತ್ತೆ. "ಹಂಗಾದ್ರೆ ಟಿವಿ ಆರಿಸಿ!"

ಅಪ್ಪ ಗಾಬರಿಯಾದರು. "ಯಾಕವ್ವಾ? ಮಾಲು ಕಳಪೆ ಅಂದೆ, ಇಷ್ಟ ಆಗ್ಲಿಲ್ಲ ಅಂದ್ನಾ? ನಾನು ನೇಯ್ದ ಮೊದಲ್ನೇ ಸೀರೇಲಿ ಅದೆಷ್ಟು ಎಳೆ ತಪ್ಪಿದ್ವು! ನಿಮ್ಮಮ್ಮ ಹಬ್ಬಕ್ಕೆ ಅದನ್ನೇ ಉಡಲ್ವಾ?" ಆಮೇಲೆ ದೊಡ್ಡಪ್ಪನತ್ತ ತಿರುಗಿ, "ಅಣ್ಣಾ, ಹಿಂದಕ್ಕೆ ಹಾಕು. ಇನ್ನೊಂದ್ಸಲ ಹಾರ್ಲಿ ಅವ್ನು" ಎಂದರು.

ಇವತ್ತು ಹಾರಿದವನ ಬೆನ್ನಲ್ಲಿ ಒಂದೆಳೆಯೂ ಕಾಣಲಿಲ್ಲ.

"ಹೆಂಗಿತ್ತಮ್ಮಾ ಸಿನಿಮಾ?" ಮಗಳು ಕೇಳಿದಳು.

"ಮಾಲು ಚೆನ್ನಾಗಿದೆ ಕಣೇ" ಎಂದೆ. ಇಷ್ಟವಾಯಿತು ಎನ್ನಲಿಲ್ಲ.