ಮೂಲೆ ತಿಂದ ಇಲಿ

ಹಾಸನದ ನಮ್ಮ ಹಾಸ್ಟೆಲ್ಲಿನ ಅಟೆಂಡರ್ ಹಳ್ಳಿಮೈಸೂರು ಕಡೆಯವನು. ವಾರ್ಡನ್ ಏನು ಕೇಳಿದರೂ ಕಿವಿಯ ಮೇಲಿನ ಪೆನ್ನು ಸರಿಮಾಡಿಕೊಂಡು, "ನಂಗೇನ್ ಗೊತ್ತು ಸಾ" ಎನ್ನುತ್ತಿದ್ದ. ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ.

ಒಮ್ಮೆ ವಿಶ್ವವಿದ್ಯಾಲಯ ಊಟದ ಬಗ್ಗೆ ಸಮೀಕ್ಷೆ ಮಾಡಿಸಿತು. ಫಾರಂ ಬರೆದವರು ವಾರ್ಡನ್ನೇ. ಉತ್ತರ ಮೂರೇ: ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅತ್ಯುತ್ತಮ.

ಅಟೆಂಡರ್ ಅವರೆದುರೇ ಕೇಳಿದ: "ಬೇದಿ ಅತ್ಕಂಡೋರು ಯಾವ್ದುಕ್ಕೆ ಟಿಕ್ ಆಕ್ಬೇಕು ಸಾ?"

"ಹಿಂದುಗಡೆ ಬರೀಲಿ ಬಿಡಯ್ಯ!"

ಹೆಸರು ಬೇಡವೆಂದು ದೊಡ್ಡದಾಗಿ ಅಚ್ಚು ಹಾಕಿದ್ದರಲ್ಲ, ನಾವೂ ಧೈರ್ಯವಾಗಿ ಬರೆದೆವು. ಸಾಂಬಾರಿನ ಹುಳದಿಂದ ಹಿಡಿದು ವಾರ್ಡನ್ ಮನೆಗೆ ಹೋಗುತ್ತಿದ್ದ ಹಾಲಿನ ಕ್ಯಾನಿನವರೆಗೆ ಒಂದನ್ನೂ ಬಿಡಲಿಲ್ಲ. ಫಾರಂಗಳನ್ನು ಅಟೆಂಡರ್ ಕೈಗೆ ಕೊಟ್ಟ ಮೇಲೆ ನಮ್ಮಲ್ಲೊಬ್ಬ ಹೇಳಿದ, ಪ್ರತಿಯೊಂದರ ಮೂಲೆಯಲ್ಲೂ ಸಣ್ಣಕ್ಷರದಲ್ಲಿ ನಮ್ಮ ನಮ್ಮ ರಿಜಿಸ್ಟರ್ ನಂಬರ್ ಇತ್ತಂತೆ. ಎಲ್ಲರೂ ಬೆವತೆವು.

ಮರುದಿನ ವಾರ್ಡನ್ ಕೈಸೇರಿದ ಒಂದು ಫಾರಂಗೂ ಆ ಮೂಲೆ ಇರಲಿಲ್ಲ.

"ಯಾರಯ್ಯ ಹರಿದಿದ್ದು?"

ಅಟೆಂಡರ್ ಪೆನ್ನು ಸರಿಮಾಡಿಕೊಂಡ. "ನಂಗೇನ್ ಗೊತ್ತು ಸಾ. ಇಲಿ ಕಾಟ. ನಮ್ ಆಸ್ಟೆಲ್ ಇಲಿಗಳು ಓದ್ಕಂಡವೆ ಕಣ್ ಸಾ, ನಂಬರ್ ಇರೋ ಕಡೆ ಮಾತ್ರ ತಿಂತವೆ."

ಮುಂದಿನ ಸಮೀಕ್ಷೆಯಲ್ಲಿ ಹೊಸ ಪ್ರಶ್ನೆಯೊಂದಿತ್ತು: ಹಾಸ್ಟೆಲ್ಲಿನಲ್ಲಿ ಇಲಿಗಳಿವೆಯೇ? ಎರಡು ವರ್ಷದಲ್ಲಿ ಒಂದು ಇಲಿಯ ಬಾಲವನ್ನೂ ಕಾಣದ ನಾವು, ಅಷ್ಟೂ ಜನ, 'ಇವೆ' ಎಂದು ಟಿಕ್ ಹಾಕಿದೆವು.